ರೇಡಿಯೋ ಸುಮ್ಮನಾದ ಮೇಲೆ

ಗಂಟಲೊಳಗೆ ಪುಟ್ಟ ಕನ್ನಡಿ ಇಳಿಸಿ ನೋಡಿದ ಡಾಕ್ಟರು, "ಆರು ವಾರ ಮಾತು ಬಂದ್," ಎಂದರು.

"ಸ್ವಲ್ಪ ಕಮ್ಮಿ ಮಾತಾಡಿದ್ರೆ ಸಾಲಲ್ವಾ ಡಾಕ್ಟ್ರೇ?" ಎಂದು ಹೆಂಡತಿ ಕೇಳಿದಳು.

"ಕಮ್ಮಿಯೂ ಇಲ್ಲ, ಪಿಸುಮಾತೂ ಇಲ್ಲ. ದನಿ ಹುಟ್ಟೋ ಜಾಗದಲ್ಲೇ ಗಂಟು ಕಟ್ಟಿದೆ. ಬಾಯಿ ಮುಚ್ಕೊಂಡಿದ್ರೆ ಕರಗುತ್ತೆ. ಇಲ್ಲಾಂದ್ರೆ ಕತ್ತರಿ ಹಾಕಬೇಕಾಗುತ್ತೆ. ನಿಮ್ಮ ಯಜಮಾನ್ರು ಏನು ಕೆಲಸ ಮಾಡ್ತಾರೆ?"

"ಮಾತಾಡ್ತಾರೆ," ಎಂದಳು ಹೆಂಡತಿ.

ಅವಳು ತಮಾಷೆಗೆ ಹೇಳಿದ್ದಲ್ಲ. ಗಂಡ ಹಳೇ ಪಟ್ಟಣದಲ್ಲಿ ಗೈಡು. ದಿನಾ ಬೆಳಿಗ್ಗೆ ಗಡಿಯಾರದ ಕಂಬದ ಕೆಳಗೆ ಪ್ರವಾಸಿಗರನ್ನು ಕೂಡಿಸಿಕೊಂಡು ಮೊದಲು ಮಾರುಕಟ್ಟೆ ಮೂಲೆಯ ಮಸೀದಿಗೆ, ಅಲ್ಲಿಂದ ಅಕ್ಕಸಾಲಿಗರ ಬೀದಿಯ ದೇವಸ್ಥಾನಕ್ಕೆ, ಕೊನೆಗೆ ನದಿ ದಂಡೆಯ ಚರ್ಚಿಗೆ ನಡೆಸಿಕೊಂಡು ಹೋಗುವುದು, ದಾರಿಯುದ್ದಕ್ಕೂ ಮಾತಾಡುವುದು, ಇದೇ ಅವನ ಕೆಲಸ. ಹಾರ್ನಿನ ಸದ್ದು, ತರಕಾರಿಯವರ ಕೂಗು ಎಲ್ಲದರ ಮೇಲೆ ಅವನ ದನಿ ಏರಬೇಕು. ಜನ ಅವನನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಮನೆಗೆ ಬಂದ ಮೇಲೂ ರೇಡಿಯೋ ಆರುತ್ತಿರಲಿಲ್ಲ. ಊಟಕ್ಕೆ ಕೂತರೆ ಉಪ್ಪಿನ ಇತಿಹಾಸ, ಕೈ ತೊಳೆಯಲು ಎದ್ದರೆ ನಲ್ಲಿಯ ಇತಿಹಾಸ. ಹೆಂಡತಿ ಕಿಟಕಿ ಪಕ್ಕದ ಹೊಲಿಗೆ ಯಂತ್ರದಲ್ಲಿ ಬೀದಿಯವರ ಪ್ಯಾಂಟಿನ ಅಂಚು ಮಡಿಸುತ್ತ, ಜಿಪ್ಪು ಬದಲಿಸುತ್ತ 'ಹೂಂ' ಅನ್ನುತ್ತಿದ್ದಳು. ಅವಳನ್ನು ಎಲ್ಲರೂ ಟೈಲರಮ್ಮ ಅನ್ನುತ್ತಿದ್ದರು.

ಮನೆಯಲ್ಲಿ ಇನ್ನಿಬ್ಬರು ಹೆಂಗಸರಿದ್ದರು. ರೇಡಿಯೋನ ತಾಯಿ ಮತ್ತು ಕಾಲೇಜಿಗೆ ಹೋಗುವ ಮಗಳು. ಮಗಳು ಅಟ್ಟದಿಂದ ತನ್ನ ಹಳೇ ಸ್ಲೇಟು ಹುಡುಕಿ ತಂದು ಅಪ್ಪನ ಕೈಗಿಟ್ಟಳು. ಅವನು ತಕ್ಷಣ ಬರೆಯಲು ಕೂತ. ಸ್ಲೇಟು ತುಂಬಿತು, ಒರೆಸಿದ, ಮತ್ತೆ ತುಂಬಿತು.

"ಅಪ್ಪಾ, ಇದೇನು ಇಷ್ಟುದ್ದ? ನೀರು ಬೇಕಾ ಅಂತ ಕೇಳಿದ್ದಷ್ಟೇ ನಾನು!"

"ಅವನಿಗೆ ನೀರು ಬೇಡವಂತೆ, ಹಾಲು ಬೇಕಂತೆ," ಎಂದಳು ಅಜ್ಜಿ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಮಗನ ಕೈಸನ್ನೆಯ ಅರ್ಥವೆಲ್ಲ ತನಗೆ ಗೊತ್ತು ಎಂಬುದು ಅವಳ ವಾದ. "ನೋಡು, ಅಮ್ಮನಿಗೂ ಒಂದು ಲೋಟ ಕೊಡಿ ಅಂತಿದಾನೆ."

ರೇಡಿಯೋ ಅಡ್ಡಡ್ಡ ತಲೆಯಾಡಿಸಿದ.

"ಎರಡು ಲೋಟ ಅಂತೆ," ಎಂದಳು ಅಜ್ಜಿ.

ನಗು ಮುಗಿಯುವಷ್ಟರಲ್ಲಿ ಟೂರಿಸ್ಟ್ ಆಫೀಸಿನ ಮ್ಯಾನೇಜರ ಫೋನು ಬಂತು. ಗಂಟಲು ಸರಿಯಾಗುವವರೆಗೂ ಕಾಯೋಕೆ ಆಗಲ್ಲ, ಸೋಮವಾರದಿಂದ ಈ ದಾರಿಯನ್ನು ಇನ್ನೊಬ್ಬ ಗೈಡಿಗೆ ಕೊಡುತ್ತೇನೆ ಎಂದರು. ಆ ಇನ್ನೊಬ್ಬ ಬಿಸಿಲಿಗೂ ನೆರಳಿಗೂ ಕೆಂಪು ಕೊಡೆ ಎತ್ತಿಕೊಂಡೇ ನಡೆಯುವ ಯುವಕ. ಅವನಿಗೆ ಛತ್ರಿ ಎಂದು ಹೆಸರಿಟ್ಟವನೇ ರೇಡಿಯೋ.

"ಕೈಯಲ್ಲೂ ಛತ್ರಿ, ಬುದ್ಧೀಲೂ ಛತ್ರಿ. ಒಂದು ಸಲ ದಾರಿ ಹಿಡಿದ ಅಂದ್ರೆ ವಾಪಸ್ ಕೊಡ್ತಾನಾ?" ಎಂದು ಅಜ್ಜಿ ಸೆರಗು ಕಣ್ಣಿಗೆ ಒತ್ತಿಕೊಂಡಳು.

ಟೈಲರಮ್ಮ ಹೊಲಿಗೆ ನಿಲ್ಲಿಸಿ ದಾರ ಕಚ್ಚಿದಳು. "ಗಂಟಲು ಸರಿಯಾಗೋವರೆಗೂ ನಾನೇ ಹೋಗ್ತೀನಿ."

"ನೀನಾ?" ಅಜ್ಜಿಯ ಅಳು ನಿಂತಿತು. "ಮದುವೆಯಾಗಿ ಬಂದಾಗಿನಿಂದ ಆ ಮೂರು ಜಾಗದ ಮುಂದೆ ತರಕಾರಿ ಚೀಲ ಹಿಡ್ಕೊಂಡು ಓಡಾಡಿದ್ದು ಬಿಟ್ರೆ, ಒಳಗೆ ಏನಿದೆ ಅಂತ ಯಾವತ್ತಾದ್ರೂ ನೋಡಿದೀಯಾ?"

"ನೋಡೋಕೆ ಪುರುಸೊತ್ತು ಎಲ್ಲಿತ್ತು ಅತ್ತೆ? ಈಗ ನೋಡ್ತೀನಿ."

ರೇಡಿಯೋ ಸ್ಲೇಟಿನ ಮೇಲೆ ದೊಡ್ಡದಾಗಿ ಬರೆದ: ಆಗಲ್ಲ.

"ಆಗುತ್ತೆ ಅಂತಿದಾನೆ," ಎಂದಳು ಅಜ್ಜಿ. ಛತ್ರಿಗಿಂತ ಸೊಸೆಯೇ ವಾಸಿ ಎಂದು ಅಷ್ಟರಲ್ಲಿ ಅವಳು ತೀರ್ಮಾನಿಸಿದ್ದಳು. "ಆದ್ರೆ ನಾನೂ ಜೊತೇಲಿ ಬರ್ತೀನಿ. ಒಬ್ಬಳನ್ನೇ ಕಳಿಸೋಕಾಗಲ್ಲ."

ಮ್ಯಾನೇಜರು ಫೋನಿನಲ್ಲೇ ಹೂಂ ಅಂದರು. ಭಾನುವಾರವಿಡೀ ರೇಡಿಯೋ ಹೆಂಡತಿಗೆ ಪಾಠ ಮಾಡಿದ. ಯಾವ ರಾಜ, ಯಾವ ವರ್ಷ, ಯಾವ ಶೈಲಿಯ ಕಮಾನು, ಎಲ್ಲವನ್ನೂ ಬರೆದು ತೋರಿಸಿದ. ಸೀಮೆಸುಣ್ಣದ ಪುಡಿ ಗಂಜಿಯ ತಟ್ಟೆಗೂ ಬಿತ್ತು. ಟೈಲರಮ್ಮ ಬದನೆಕಾಯಿ ಹೆಚ್ಚುತ್ತ ಬಾಯಿಪಾಠ ಮಾಡಿದಳು. ಸೋಮವಾರ ಬೆಳಿಗ್ಗೆ ಗಡಿಯಾರದ ಕಂಬದ ಹತ್ತಿರ ಹೋಗುವಷ್ಟರಲ್ಲಿ ಅರ್ಧ ಮರೆತಿತ್ತು, ಉಳಿದರ್ಧ ಅದಲು ಬದಲಾಗಿತ್ತು.

ಮಸೀದಿಯ ಅಂಗಳದಲ್ಲಿ ಚಪ್ಪಲಿ ಬಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ಅವಳು ಗೋಪುರ ತೋರಿಸಿ ಒಂದು ವರ್ಷ ಹೇಳಿದಳು. ಕನ್ನಡಕದ ಪ್ರವಾಸಿಯೊಬ್ಬರು ಕೈ ಎತ್ತಿದರು. "ಅಮ್ಮಾ, ಈಗ ತಾನೆ ಊರು ಹುಟ್ಟಿದ್ದು ಅದಾಗಿ ನೂರು ವರ್ಷದ ಮೇಲೆ ಅಂದ್ರಿ. ಹಾಗಾದ್ರೆ ಗೋಪುರ ಕಟ್ಟಿದಾಗ ಇಲ್ಲಿ ಊರೇ ಇರಲಿಲ್ವಾ?"

ಟೈಲರಮ್ಮನ ಮುಖ ಕೆಂಪಾಯಿತು. ಸುಳ್ಳು ಹೊಲಿಯಲು ಅವಳಿಗೆ ಬರಲಿಲ್ಲ. "ನನಗೆ ಗೊತ್ತಿಲ್ಲ ಸಾರ್. ನಾನು ಇವತ್ತೇ ಮೊದಲು ಬಂದಿರೋದು. ತಾಳಿ, ಕೇಳ್ತೀನಿ," ಎಂದು ಕೊಳದ ಬಳಿ ಕೂತಿದ್ದ ಬಿಳಿ ಗಡ್ಡದ ಹಿರಿಯರ ಹತ್ತಿರ ಹೋದಳು. ದಿನಕ್ಕೆ ಐದು ಸಲ ಪ್ರಾರ್ಥನೆಗೆ ಕರೆ ಕೊಡುವವರು ಅವರು.

"ರೇಡಿಯೋ ಎಲ್ಲಮ್ಮ? ಎರಡು ದಿನದಿಂದ ಕಾಣಲಿಲ್ಲ," ಎಂದು ಅವರೇ ಮೊದಲು ಕೇಳಿದರು. ವಿಷಯ ತಿಳಿದು ಗಾಬರಿಯಾದರು. "ಗಂಟಲಾ? ಅಯ್ಯೋ, ಜೇನುತುಪ್ಪ ಹಾಕಿ ಬಿಸಿನೀರು ಕುಡಿಸಿ. ನಾನು ಇಷ್ಟು ವರ್ಷ ಅದರ ಮೇಲೇ ನಡೆಸ್ತಿದೀನಿ." ಆಮೇಲೆ ಪ್ರವಾಸಿಗರ ಕಡೆ ತಿರುಗಿ, "ವರ್ಷ ಗಿರ್ಷ ನನಗೂ ಗೊತ್ತಿಲ್ಲ. ಆದ್ರೆ ಈ ಊರಲ್ಲಿ ಎಲ್ಲಕ್ಕಿಂತ ಹಳೇದು ಇದೇ," ಎಂದರು.

ದೇವಸ್ಥಾನದಲ್ಲಿ ಅರ್ಚಕರು ರೇಡಿಯೋನ ಸಮಾಚಾರ ಕೇಳಿ ಜ್ಯೇಷ್ಠಮಧುವಿನ ಕಡ್ಡಿ ಕಟ್ಟಿಕೊಟ್ಟರು. ಮಂತ್ರ ಹೇಳುವ ಗಂಟಲಿಗೆ ಅದನ್ನು ಬಿಟ್ಟರೆ ಬೇರೆ ಔಷಧಿಯಿಲ್ಲವಂತೆ. ಎಲ್ಲಕ್ಕಿಂತ ಹಳೆಯದು ಈ ದೇವಸ್ಥಾನವೇ ಎಂದೂ ಹೇಳಿದರು. ಚರ್ಚಿನಲ್ಲಿ ಮಕ್ಕಳಿಗೆ ಹಾಡು ಕಲಿಸುವ ಸಿಸ್ಟರ್ ಅವೆರಡನ್ನೂ ತಳ್ಳಿಹಾಕಿದರು. "ಹಬೆ ತಗೊಳ್ಳೋಕೆ ಹೇಳಿ, ದಿನಕ್ಕೆರಡು ಸಲ. ಮತ್ತೆ ನಮ್ಮ ಅಡಿಪಾಯ ನೋಡಿದೀರಾ? ಊರಿಗೆಲ್ಲ ಹಿರೀದು."

"ಕೊನೆಗೂ ಯಾವುದಮ್ಮ ಹಳೇದು?" ಎಂದರು ಕನ್ನಡಕದವರು.

"ಎಲ್ಲಿ ನಿಂತಿರ್ತೀರೋ ಅಲ್ಲಿ ಹೂಂ ಅಂದ್ಬಿಡಿ ಸಾರ್," ಎಂದಳು ಟೈಲರಮ್ಮ. "ನಮ್ಮ ಯಜಮಾನ್ರಿಗೆ ಸರಿಯಾದ್ದು ಗೊತ್ತು. ನಾಳೆ ಕೇಳ್ಕೊಂಡು ಬರ್ತೀನಿ, ಆದ್ರೆ ನಾಳೆ ನೀವಿರಲ್ವಲ್ಲ."

ಎಲ್ಲರೂ ನಕ್ಕರು. ಅವಳೂ ನಕ್ಕಳು.

ಹೀಗೆ ಎರಡು ವಾರ ಕಳೆಯಿತು. ಟೈಲರಮ್ಮ ವರ್ಷಗಳನ್ನು ಕಲಿತಳು, ಕೆಲವನ್ನು ತಪ್ಪು ಹೇಳಿದಳು, ಗೊತ್ತಿಲ್ಲದ ಕಡೆ ಅಲ್ಲಿದ್ದವರನ್ನೇ ಕರೆದು ಮಾತಾಡಿಸಿದಳು. ಅಜ್ಜಿ ಪ್ರತಿಯೊಂದು ಕಡೆಯೂ ಕೂರುವ ಜಾಗ ಗೊತ್ತು ಮಾಡಿಕೊಂಡಿದ್ದಳು. ಸಂಜೆ ಅತ್ತೆ ಸೊಸೆ ಇಬ್ಬರೂ ಕಾಲು ಚಾಚಿಕೊಂಡು ಟೀ ಕುಡಿಯುತ್ತ ದಿನದ ಸುದ್ದಿಯನ್ನೆಲ್ಲ ಹೇಳುವರು. ರೇಡಿಯೋ ಒಂದು ಕಡೆ ಜೇನು ನೀರು, ಇನ್ನೊಂದು ಕಡೆ ಜ್ಯೇಷ್ಠಮಧು ಇಟ್ಟುಕೊಂಡು ತಲೆಗೆ ಟವೆಲು ಮುಸುಕು ಹಾಕಿ ಹಬೆ ತೆಗೆದುಕೊಳ್ಳುತ್ತ ಕೇಳಬೇಕಿತ್ತು.

"ಚರ್ಚಿನ ಮೆಟ್ಟಿಲ ಹತ್ರ ಒಬ್ಬಳು ಹುಡುಗಿ ನನ್ನ ಕೈ ಹಿಡ್ಕೊಂಡು ಫೋಟೋ ತೆಗೆಸ್ಕೊಂಡ್ಳು," ಎಂದಳು ಅಜ್ಜಿ. "ಇಷ್ಟು ವರ್ಷದಲ್ಲಿ ನನ್ನ ಮಗ ಒಂದು ದಿನ ನನ್ನನ್ನ ಕರ್ಕೊಂಡು ಹೋಗಲಿಲ್ಲ ನೋಡು."

ಟವೆಲಿನೊಳಗಿಂದ ಸ್ಲೇಟು ಹೊರಬಂತು: ನಾನು ಕರೆದಾಗ ಮಂಡಿನೋವು ಅಂದೆ!

"ಏನಂತೆ?"

"ಹೌದಂತೆ ಅಜ್ಜಿ, ತಪ್ಪಾಯ್ತಂತೆ," ಎಂದಳು ಮಗಳು. ಅಜ್ಜಿಯ ಭಾಷಾಂತರ ಅವಳಿಗೂ ಅಂಟಿತ್ತು.

ರೇಡಿಯೋಗೆ ತಡೆಯಲಾಗಲಿಲ್ಲ. ಮೂರನೆಯ ವಾರ ಒಂದು ಬೆಳಿಗ್ಗೆ ಮಗಳ ಟೋಪಿ ಹಾಕಿಕೊಂಡು, ಕಣ್ಣಿಗೆ ಕರೀ ಕನ್ನಡಕ ಏರಿಸಿ, ಗುಂಪಿನ ಹಿಂದೆ ಸೇರಿಕೊಂಡ. ಅವತ್ತು ಬಂದಿದ್ದವರು ಶಾಲಾ ಮೇಷ್ಟ್ರುಗಳ ದೊಡ್ಡ ತಂಡ. ಮಸೀದಿಯಲ್ಲಿ ಹೆಂಡತಿ ಕಮಾನಿನ ಹೆಸರು ತಪ್ಪು ಹೇಳಿದಾಗ ತುಟಿ ಕಚ್ಚಿಕೊಂಡ. ದೇವಸ್ಥಾನದ ಹೊರ ಮೆಟ್ಟಿಲ ಪಕ್ಕ ಎರಡು ಕಲ್ಲಿನ ಸಿಂಹಗಳಿದ್ದವು. ಎಡಗಡೆಯದಕ್ಕೆ ಒಂದು ಕಿವಿಯಿರಲಿಲ್ಲ. ದಂಡೆತ್ತಿ ಬಂದ ಸೈನ್ಯದ ಫಿರಂಗಿ ಗುಂಡಿಗೆ ಹಾರಿದ ಕಿವಿ ಅದು ಎಂದು ರೇಡಿಯೋ ಸಾವಿರಾರು ಜನರಿಗೆ ಹೇಳಿದ್ದ. ಆ ಜಾಗದಲ್ಲಿ ಅವನ ದನಿ ಗುಡುಗುತ್ತಿತ್ತು.

ಟೈಲರಮ್ಮ ಸಿಂಹದ ತಲೆ ಸವರಿ ಹೇಳಿದಳು, "ಈ ಕಿವಿ ಮುರಿದದ್ದು ನಮ್ಮ ಯಜಮಾನ್ರು. ಚಿಕ್ಕವರಿದ್ದಾಗ ಇದನ್ನ ಹಿಡ್ಕೊಂಡು ಜೋತಾಡೋಕೆ ಹೋಗಿ ಕಿವಿ ಸಮೇತ ಕೆಳಗೆ ಬಿದ್ರಂತೆ. ಬೇಕಾದ್ರೆ ನಮ್ಮ ಅತ್ತೇನ ಕೇಳಿ, ಅಲ್ಲೇ ಕೂತಿದಾರೆ."

"ಗದ್ದಕ್ಕೆ ಹೊಲಿಗೆ ಹಾಕಿಸಿದ್ದೆ," ಎಂದು ಅಜ್ಜಿ ಕಟ್ಟೆಯ ಮೇಲಿಂದ ಸಾಕ್ಷಿ ಹೇಳಿದಳು.

"ಸುಳ್ಳು!"

ಗುಂಪು ತಿರುಗಿ ನೋಡಿತು. ಟೋಪಿಯವನೊಬ್ಬ ಎರಡೂ ಕೈ ಎತ್ತಿ, ಹರಿದ ಬಟ್ಟೆಯಂಥ ದನಿಯಲ್ಲಿ ಅರಚುತ್ತಿದ್ದ. "ಶುದ್ಧ ಸುಳ್ಳು! ಅದು ಫಿರಂಗಿ! ಅಮ್ಮಾ, ಆ ಗಾಯ ಸೈಕಲಿಂದ ಬಿದ್ದದ್ದು!"

"ಸೈಕಲ್ ಎಲ್ಲಿತ್ತೋ ನಮ್ಮ ಮನೇಲಿ?" ಎಂದಳು ಅಜ್ಜಿ.

ಮೇಷ್ಟ್ರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಟೈಲರಮ್ಮ ನಗಲಿಲ್ಲ. ಗಂಡನ ಹತ್ತಿರ ಹೋಗಿ ಅವನ ಬಾಯಿಗೆ ಅಡ್ಡ ಕೈ ಇಟ್ಟಳು. ಆ ಹೊತ್ತಿಗಾಗಲೇ ದನಿ ಪೂರ್ತಿ ಒಡೆದು ಬರೀ ಗಾಳಿ ಬರುತ್ತಿತ್ತು.

ಅವತ್ತೇ ಮಧ್ಯಾಹ್ನ ಡಾಕ್ಟರು ಇಬ್ಬರಿಗೂ ಬೈದರು. ಗಂಟಲು ಊದಿಕೊಂಡಿತ್ತು. ಲೆಕ್ಕ ಮತ್ತೆ ಮೊದಲಿಂದ ಶುರು ಎಂದರು. ಇನ್ನೊಂದು ಸಲ ಹೀಗಾದರೆ ಕತ್ತರಿಯೇ ಗತಿ.

ಮನೆಗೆ ಬಂದು ತಟ್ಟೆ ಹಾಕುವವರೆಗೂ ಟೈಲರಮ್ಮ ತಡೆದುಕೊಂಡಳು. ಅನ್ನ ಬಡಿಸುವಾಗ ಸೌಟು ತಟ್ಟೆಗೆ ಬಡಿಯಿತು.

"ಇಷ್ಟು ವರ್ಷ ನೀವು ಹೇಳಿದ್ದೆಲ್ಲ ಕೇಳಿದೀನಿ ರೀ. ಉಪ್ಪಿಂದು ಕೇಳಿದೆ, ನಲ್ಲೀದು ಕೇಳಿದೆ. ಒಂದೇ ಒಂದು ಬೆಳಗ್ಗೆ ನಾನು ಹೇಳೋದನ್ನ ನಿಮಗೆ ಕೇಳೋಕಾಗಲಿಲ್ವಾ? ಅದೂ ಅಷ್ಟು ಜನರ ಮುಂದೆ!"

ರೇಡಿಯೋ ಸ್ಲೇಟು ಎಳೆದುಕೊಂಡು ಸರಸರ ಬರೆದ. ತುಂಬಿಸಿ ಅವಳ ಮುಂದೆ ಹಿಡಿದ. ಅವಳು ಅದನ್ನು ತೆಗೆದುಕೊಂಡು, ಓದದೆ, ಬೋರಲು ಹಾಕಿ, ಅದರ ಮೇಲೆ ಅನ್ನದ ಪಾತ್ರೆ ಇಟ್ಟಳು.

"ಅವನು ಏನೋ ಹೇಳ್ತಿದಾನೆ ಕಣಮ್ಮ," ಎಂದಳು ಅಜ್ಜಿ.

"ಹೇಳಲಿ ಅತ್ತೆ. ನನಗೆ ಕೇಳಿಸ್ತಿಲ್ಲ."

ಅಂದಿನಿಂದ ಅವಳು ಸ್ಲೇಟಿನ ಕಡೆ ನೋಡುವುದನ್ನೇ ಬಿಟ್ಟಳು. ಅವನು ಎಡಕ್ಕೆ ಹಿಡಿದರೆ ಬಲಕ್ಕೆ ತಿರುಗುವಳು, ಬಲಕ್ಕೆ ಹಿಡಿದರೆ ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸುವಳು. ಮಾತಿಲ್ಲದವನ ಜೊತೆ ಮಾತು ಬಿಡುವುದು ಹೇಗೆಂದು ಮನೆಯವರಿಗೆ ಆಗ ಗೊತ್ತಾಯಿತು. ಊಟದ ಹೊತ್ತಿನಲ್ಲಿ ಅಜ್ಜಿಯೂ ಮೊಮ್ಮಗಳೂ ಇಬ್ಬರ ಮಧ್ಯೆ ಟಪಾಲು ಹಂಚುತ್ತಿದ್ದರು.

"ಅಮ್ಮಾ, ಅಪ್ಪನಿಗೆ ಇನ್ನೊಂದು ಮೊಟ್ಟೆ ಬೇಕಂತೆ."

"ಅಡುಗೆಮನೇಲಿದೆ ಅಂತ ಹೇಳು."

"ಅಪ್ಪಾ, ಅಡುಗೆಮನೇಲಿದೆಯಂತೆ. ನಾನು ಈ ನೌಕರಿ ಬಿಡ್ತೀನಿ, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಈ ಮಧ್ಯೆ ಮ್ಯಾನೇಜರು ಟೈಲರಮ್ಮನನ್ನು ಆಫೀಸಿಗೆ ಕರೆಸಿದರು. ಬೈಗುಳ ಕಾದಿದೆ ಎಂದು ಅವಳು ಅತ್ತೆಯನ್ನು ಜೊತೆಗೆ ಕರೆದುಕೊಂಡು ಹೋದಳು. ಮ್ಯಾನೇಜರು ಇಬ್ಬರಿಗೂ ಕುರ್ಚಿ ಹಾಕಿಸಿ ತಂಪು ಪಾನೀಯ ತರಿಸಿದರು.

"ಆ ಮೇಷ್ಟ್ರುಗಳು ಬಹಳ ಹೊಗಳಿದ್ರು ಕಣ್ರೀ. ಟೋಪಿ ಹಾಕ್ಕೊಂಡು ಹಿಂದಿನಿಂದ ಬಂದು ಕಿರುಚ್ತಾನಲ್ಲ ಗಂಡ, ಆ ನಾಟಕ ಅದ್ಭುತ ಅಂದ್ರು. ಇನ್ನೂ ಎರಡು ಶಾಲೆಯವರು ಅದನ್ನೇ ಕೇಳ್ತಿದಾರೆ. ದಿನಾ ಮಾಡಿಸಿ. ಅಜ್ಜೀನೂ ಇರಲಿ."

"ಅದು ನಾಟಕ ಅಲ್ಲ ಸಾರ್."

"ಯಾವುದಾದ್ರೂ ಆಗಲಿ. ದಿನಾ ಮಾಡಿಸಿ. ಇಲ್ಲಾಂದ್ರೆ ಛತ್ರಿ ಒಂದು ಹೊಸ ಐಡಿಯಾ ಹೇಳ್ತಿದ್ದ..."

ಟೈಲರಮ್ಮ ಲೋಟ ಕೆಳಗಿಟ್ಟಳು. "ನೋಡಿ ಸಾರ್, ಅವರು ಇನ್ನೊಂದು ಸಲ ಕಿರುಚಿದ್ರೆ ಗಂಟಲಿಗೆ ಕತ್ತರಿ ಹಾಕ್ತಾರೆ. ನಾನು ಅವರ ಮೇಲೆ ಸಿಟ್ಟಲ್ಲಿದೀನಿ, ಅದು ಬೇರೆ ವಿಷಯ. ನಮ್ಮ ಜಗಳ ಮಾರೋಕಿಟ್ಟಿಲ್ಲ. ಮಸೀದಿ, ದೇವಸ್ಥಾನ, ಚರ್ಚು ತೋರಿಸಿ ಅಂದ್ರೆ ತೋರಿಸ್ತೀನಿ. ಮಿಕ್ಕಿದ್ದು ಬೇಕಿದ್ರೆ ಛತ್ರಿಯವರಿಗೇ ಕೊಡಿ."

"ಅವನಿಗೆ ಹೆಂಡತಿ ಇನ್ನೂ ಸಿಕ್ಕಿಲ್ಲ, ಜಗಳ ಎಲ್ಲಿಂದ ತರ್ತಾನೆ?" ಎಂದು ಅಜ್ಜಿ ತನ್ನ ಲೋಟ ಮುಗಿಸಿ, ಸೊಸೆ ಬಿಟ್ಟದ್ದನ್ನೂ ಕುಡಿದಳು.

ಮ್ಯಾನೇಜರು ತಲೆ ಕೆರೆದುಕೊಂಡರು. ಕೊನೆಗೆ, "ಸರಿ ಕಣಮ್ಮ, ನಿಮ್ಮಿಷ್ಟದ ಹಾಗೇ ನಡೀಲಿ," ಎಂದರು.

ಮನೆಗೆ ಬಂದು ಅಜ್ಜಿ ಮಗನ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿದಳು. ಈ ಸಲ ಒಂದು ಮಾತನ್ನೂ ತಿರುಚಲಿಲ್ಲ. ರೇಡಿಯೋ ಸ್ಲೇಟು ಮುಟ್ಟದೆ ಕೇಳಿದ. ಕೇಳಿ ಎದ್ದು ಹೋಗಿ ಪಾತ್ರೆ ತೊಳೆದ.

ಹೊಲಿಗೆ ಯಂತ್ರದ ಪಕ್ಕದಲ್ಲಿ ಬಟ್ಟೆಯ ರಾಶಿ ಬೆಳೆಯುತ್ತಿತ್ತು. ಬೆಳಿಗ್ಗೆಯೆಲ್ಲ ನಡೆದು ಬಂದ ಟೈಲರಮ್ಮನಿಗೆ ಸಂಜೆ ಒಂದೆರಡು ಪ್ಯಾಂಟು ಮುಗಿಸುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ಒಂದು ದಿನ ಅವಳು ಮಧ್ಯಾಹ್ನ ಮನೆಗೆ ಬಂದಾಗ ರಾಶಿ ಮಾಯವಾಗಿತ್ತು. ಎಲ್ಲವೂ ಇಸ್ತ್ರಿಯಾಗಿ, ಮಡಿಕೆಯಾಗಿ, ಮಂಚದ ಮೇಲೆ ಸಾಲಾಗಿ ಕೂತಿದ್ದವು. ರೇಡಿಯೋ ಬೆರಳಿಗೆಲ್ಲ ಪಟ್ಟಿ ಸುತ್ತಿಕೊಂಡು ಪಕ್ಕದಲ್ಲಿ ನಿಂತಿದ್ದ.

ಅವಳು ಏನಾದರೂ ಅನ್ನುವ ಮೊದಲೇ ಮೇಲಿನ ಮನೆಯ ಬ್ಯಾಂಕಿನವರು ಬಾಗಿಲಲ್ಲಿ ಕಾಣಿಸಿಕೊಂಡರು. ಹೊಸ ಪ್ಯಾಂಟು ತೊಟ್ಟಿದ್ದರು. ಅದರ ಒಂದು ಕಾಲು ಬೂಟಿನ ಮೇಲೆ ಬಿದ್ದಿತ್ತು, ಇನ್ನೊಂದು ಕಾಲು ಮೊಣಕಾಲಿಗೂ ಪಾದಕ್ಕೂ ನಡುವೆ ಎಲ್ಲೋ ನಿಂತಿತ್ತು.

"ಟೈಲರಮ್ಮ, ಬೆಳಗ್ಗೆ ನಿಮ್ಮ ಯಜಮಾನ್ರು ಅಳತೆ ತಗೊಂಡ್ರು. ಒಂದು ಮಾತೂ ಆಡಲಿಲ್ಲ. ಏನು ಗಾಂಭೀರ್ಯ ಅಂದ್ಕೊಂಡೆ. ಇದು ಈಗಿನ ಫ್ಯಾಷನ್ನಾ?"

ಟೈಲರಮ್ಮ ಪ್ಯಾಂಟು ನೋಡಿದಳು. ಗಂಡನನ್ನು ನೋಡಿದಳು. ಅವನು ಮೆಲ್ಲಗೆ ಬಾಗಿ, ಪಟ್ಟಿ ಸುತ್ತಿದ ಬೆರಳಿನಿಂದ ಉದ್ದದ ಕಾಲನ್ನು ತೋರಿಸಿ, ಕತ್ತರಿಯ ಸನ್ನೆ ಮಾಡಿ, ಅದನ್ನೂ ಮೇಲಕ್ಕೆ ಮಡಿಸಿಬಿಡಲೇ ಎಂದು ಹುಬ್ಬಿನಲ್ಲೇ ಕೇಳಿದ. ಅವಳಿಗೆ ಮುಖ ಗಂಟು ಹಾಕಿಕೊಳ್ಳಲು ಆಗಲಿಲ್ಲ. ನಗು ಉಕ್ಕಿ ಬಂತು. ಮಂಚದ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಬ್ಯಾಂಕಿನವರೂ ಒಂದೂವರೆ ಕಾಲಿನ ಪ್ಯಾಂಟಿನಲ್ಲೇ ನಿಂತು ನಕ್ಕರು.

ರೇಡಿಯೋ ಸ್ಲೇಟು ತಂದು ಹಿಡಿದ. ಈ ಸಲ ಅವಳು ಮುಖ ತಿರುಗಿಸಲಿಲ್ಲ. ಅವನ ಬರಹದಲ್ಲಿ ಅಷ್ಟು ಚಿಕ್ಕದನ್ನು ಅವಳು ನೋಡಿರಲಿಲ್ಲ: ಕಿರುಚಬಾರದಿತ್ತು.

"ಹೌದು, ಕಿರುಚಬಾರದಿತ್ತು," ಎಂದಳು. "ಮತ್ತೆ ಆ ಕಮಾನಿನ ಹೆಸರೇನು? ಸರಿಯಾಗಿ ಬರೆದು ತೋರಿಸಿ. ಅವತ್ತು ನಾನೂ ತಪ್ಪು ಹೇಳಿದೆ."

ವಾರಗಳು ತುಂಬಿದವು. ಡಾಕ್ಟರು ಮತ್ತೆ ಕನ್ನಡಿ ಇಳಿಸಿ ನೋಡಿ ಗಂಟು ಕರಗಿದೆ ಎಂದರು. ರೇಡಿಯೋನ ಮುಖ ಅರಳಿತು. "ಆದ್ರೆ ಇನ್ಮುಂದೆ ಮಾರುಕಟ್ಟೇಲಿ ನಿಂತು ಅರ್ಧ ದಿನ ಕೂಗೋದು ಅಂತ ಇಟ್ಕೋಬೇಡಿ. ದಿನಕ್ಕೆ ಸ್ವಲ್ಪ ಮಾತು, ಅದೂ ಮೆತ್ತಗೆ. ಜೀವಮಾನ ಪೂರ್ತಿ," ಎಂದಾಗ ಮುಖ ಬಾಡಿತು.

ಅವತ್ತು ಊಟಕ್ಕೆ ಕೂತರೂ ಅವನು ತಟ್ಟೆಗೆ ಕೈ ಹಾಕಲಿಲ್ಲ. ಮಾತಾಡಲು ಅನುಮತಿ ಸಿಕ್ಕ ದಿನವೇ ಬಾಯಿ ಬಿಡದೆ ಕೂತಿದ್ದ ಮಗನನ್ನು ಕಂಡು ಅಜ್ಜಿ ಗಾಬರಿಗೊಂಡಳು. "ಏನಾದ್ರೂ ಹೇಳೋ. ಉಪ್ಪಿಂದಾದ್ರೂ ಹೇಳೋ."

"ಇನ್ನು ನನ್ನ ಕೈಲೇನಾಗುತ್ತೆ ಅಮ್ಮ?" ಎಂದ ರೇಡಿಯೋ. ದನಿ ತೆಳ್ಳಗೆ, ಸ್ವಲ್ಪ ಒರಟಾಗಿತ್ತು, ಆದರೂ ಅವನದೇ. "ಮಾರುಕಟ್ಟೇಲಿ ಕೂಗದೇ ಇರೋನು ಯಾವ ಸೀಮೆ ಗೈಡು?"

ಟೈಲರಮ್ಮ ಅವನ ತಟ್ಟೆಗೆ ರೊಟ್ಟಿ ಹಾಕಿದಳು. "ಮಾರುಕಟ್ಟೆ ನನಗೆ ಬಿಡಿ. ನನಗೆ ಗಂಟಲಿದೆ. ಮಸೀದೀಲೂ ಅಂಗಳ ದೊಡ್ಡದು, ದೇವಸ್ಥಾನದಲ್ಲಿ ಗಂಟೆ ಹೊಡೀತಾನೇ ಇರ್ತಾರೆ, ಅವೂ ನನಗಿರಲಿ. ಚರ್ಚು ನೀವು ತಗೊಳ್ಳಿ. ಅಲ್ಲಿ ಗದ್ದಲ ಇಲ್ಲ, ಕೂಗೋದೇ ಬೇಡ."

"ಬರೀ ಚರ್ಚಾ? ಮಸೀದಿ ಕಮಾನಿನ ಬಗ್ಗೆ ನಿನಗೇನು ಗೊತ್ತು? ಅದು ಮೂರು ದೇಶದ ಕಲ್ಲುಕುಟಿಗರು ಸೇರಿ..."

"ಮೆತ್ತಗೆ ರೀ!"

"ಸರಿ, ಸರಿ. ಮೆತ್ತಗೇ ಹೇಳ್ತೀನಿ," ಎಂದು ಅವನು ರೊಟ್ಟಿ ಮುರಿಯುತ್ತ ಮೆತ್ತಗೆ ಹೇಳತೊಡಗಿದ. ಮಗಳು ಕೈಯಲ್ಲಿದ್ದ ತುತ್ತು ನಿಲ್ಲಿಸಿ ಕೇಳಿದಳು. ಮೆತ್ತಗೆ ಹೇಳಿದರೆ ಅಪ್ಪನ ಕಥೆ ಚೆನ್ನಾಗಿಯೇ ಇರುತ್ತೆ ಎಂದು ಅಜ್ಜಿಯ ಕಿವಿಯಲ್ಲಿ ಹೇಳಿದಳು.

ಮ್ಯಾನೇಜರು ಒಪ್ಪಿದರು. ಒಬ್ಬರ ದಾರಿಗೆ ಇಬ್ಬರು ಗೈಡು ಸಿಗುವಾಗ ಅವರಿಗೇನು ಕಷ್ಟ? ಅಜ್ಜಿ ತನ್ನನ್ನೂ ಸೇರಿಸಿ ಮೂವರು ಎಂದು ತಿದ್ದಿದಳು.

ಮೊದಲ ದಿನ ಟೈಲರಮ್ಮ ಗುಂಪನ್ನು ನಡೆಸಿಕೊಂಡು ನದಿ ದಂಡೆಗೆ ಬಂದಾಗ ಬಿಸಿಲು ಏರಿತ್ತು. ರೇಡಿಯೋ ಒಗೆದ ಅಂಗಿ ತೊಟ್ಟು ಚರ್ಚಿನ ಬಾಗಿಲಲ್ಲಿ ಕಾಯುತ್ತಿದ್ದ. ಸಿಸ್ಟರ್ ಹಾಡಿನ ಮಕ್ಕಳನ್ನು ಸುಮ್ಮನಿರಿಸಿ ಕೂರಿಸಿದ್ದರು. ಒಳಗೆ ತಂಪಾಗಿತ್ತು. ಎತ್ತರದ ಗಾಜಿನಿಂದ ಇಳಿದ ನೀಲಿ, ಹಳದಿ ಬೆಳಕು ನೆಲದ ಮೇಲೆ ಹಾಸಿತ್ತು.

ಟೈಲರಮ್ಮ ಹಿಂದಿನ ಬೆಂಚಿನಲ್ಲಿ ಅತ್ತೆಯ ಪಕ್ಕ ಕೂತು ಪಾದ ತಿಕ್ಕಿಕೊಂಡಳು. ಮುಂದೆ ಅವನು ಶುರು ಮಾಡಿದ. ದನಿ ಸಣ್ಣದು. ಅದಕ್ಕೇ ಜನ ಒಂದೊಂದೇ ಹೆಜ್ಜೆ ಹತ್ತಿರ ಸರಿದರು. ಅವನು ಈ ಗಾಜು ಹಡಗಿನಲ್ಲಿ ಬಂದದ್ದನ್ನು ಹೇಳುತ್ತಿದ್ದ. ಬಂದರಿನಿಂದ ಇಲ್ಲಿಗೆ ಒಡೆಯದ ಹಾಗೆ ಹುಲ್ಲಿನಲ್ಲಿ ಸುತ್ತಿ ಹೊತ್ತು ತಂದವರಲ್ಲಿ ಮಸೀದಿ, ದೇವಸ್ಥಾನ, ಚರ್ಚು, ಮೂರೂ ಕಡೆಯ ಜನರಿದ್ದರು ಎನ್ನುತ್ತಿದ್ದ. ಹಿಂದಿನ ಬೆಂಚಿಗೆ ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ.

"ಹೋಗಿ ಕೇಳು ಹೋಗು," ಎಂದು ಅಜ್ಜಿ ಸೊಸೆಯ ಮೊಣಕೈ ತಳ್ಳಿದಳು. "ನಾನು ಇಲ್ಲೇ ಇರ್ತೀನಿ."

ಟೈಲರಮ್ಮ ಬರಿಗಾಲಲ್ಲಿ ಎದ್ದು ಹೋಗಿ ಪ್ರವಾಸಿಗರ ಮಧ್ಯೆ ನಿಂತಳು. ಮುಂದಿದ್ದ ಎತ್ತರದ ಹುಡುಗಿ ಅವಳಿಗೆ ಜಾಗ ಬಿಟ್ಟಳು. ರೇಡಿಯೋ ಕಿಟಕಿಯಿಂದ ಕಣ್ಣು ಇಳಿಸಿದಾಗ ಎದುರಿಗೇ ಹೆಂಡತಿ ಇದ್ದಳು. ಮುಖದ ಮೇಲೆ ನೀಲಿ ಬೆಳಕು ಬಿದ್ದಿತ್ತು, ಕತ್ತು ಎತ್ತಿ ಕಿಟಕಿಯನ್ನೇ ನೋಡುತ್ತಿದ್ದಳು.

ಅವನ ಮಾತು ನಿಂತಿತು.

"ಎಲ್ಲಿದ್ದೆ ನಾನು?" ಎಂದ.

"ಹಡಗು ಬಂದರಿಗೆ ಬಂತು ಅಂದ್ರಿ," ಎಂದಳು ಎತ್ತರದ ಹುಡುಗಿ. "ಆಮೇಲೆ ಗಾಜು ಹೊತ್ಕೊಂಡು ಬಂದ್ರು ಅಂದ್ರಿ."

"ಗಂಟಲು ನೋಯ್ತಿದೆಯಾ?" ಟೈಲರಮ್ಮ ಮೆಲ್ಲಗೆ ಕೇಳಿದಳು.

"ಇಲ್ಲ ಕಣೇ. ಮರೆತುಹೋಯ್ತು."

"ನಿಧಾನಕ್ಕೆ ಹೇಳಿ," ಎಂದಳು ಅವಳು. "ಅನ್ನ ಮಾಡಿಟ್ಟೇ ಬಂದಿದೀನಿ."